ತಗಡಿನ ರೈಲಿನ ಹೊಟ್ಟೆಯ ಫೋಟೋನೂ ಹಾಕಿ

ಹಳೆಯ ತಗಡಿನ ಆಟಿಕೆ ರೈಲುಗಳ ಫೋಟೋ ಹಾಕಿದಾಗಲೆಲ್ಲ ಒಂದು ಮಾತು ತಪ್ಪದೆ ಬರುತ್ತದೆ: "ಇಷ್ಟು ಹತ್ತಿರದಿಂದ ತೋರಿಸಬೇಡಿ. ನಕಲಿ ಮಾಡುವವರಿಗೆ ನಾವೇ ದಾರಿ ಹೇಳಿಕೊಟ್ಟಂತಾಗುತ್ತದೆ. ಬೆಲೆಯೂ ಬೀಳುತ್ತದೆ." ಹೇಳುವವರು ಕೆಟ್ಟವರಲ್ಲ, ಅವರಲ್ಲಿ ಎಷ್ಟೋ ಮಂದಿ ನನಗಿಂತ ಹೆಚ್ಚು ಬಲ್ಲವರು. ಆದರೂ ಈ ಮಾತನ್ನು ನಾನು ಒಪ್ಪುವುದಿಲ್ಲ. ಈ ರೈಲುಗಳ ವಿಷಯದಲ್ಲಿ ಬಚ್ಚಿಟ್ಟಷ್ಟೂ ನಷ್ಟ, ತೋರಿಸಿದಷ್ಟೂ ಲಾಭ. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ತಾಳ್ಮೆಯಿದ್ದವರು ಓದಿ.

ಮೊದಲು ಈ ವಸ್ತು ಏನು ಅಂತ ನೋಡೋಣ. ತೆಳ್ಳಗಿನ ಉಕ್ಕಿನ ಹಾಳೆಗೆ ತವರದ ಲೇಪ ಕೊಟ್ಟರೆ ಅದೇ ಈ ತಗಡು. ಸುಲಭವಾಗಿ ಬಗ್ಗುತ್ತದೆ, ಬೆಸುಗೆ ಹಿಡಿಯುತ್ತದೆ, ಲೇಪ ಇರುವಷ್ಟು ದಿನ ತುಕ್ಕು ಹತ್ತಿರ ಸುಳಿಯುವುದಿಲ್ಲ. 19ನೇ ಶತಮಾನದ ಕೊನೆಯಿಂದ ಹಿಡಿದು ಪ್ಲಾಸ್ಟಿಕ್ ಬಂದು ಜಾಗ ಕಸಿದುಕೊಳ್ಳುವವರೆಗೂ ಆಟದ ರೈಲು ಅಂದರೆ ಹೆಚ್ಚಾಗಿ ಇದರದ್ದೇ. ದುಬಾರಿ ರೈಲುಗಳನ್ನು ಬೆಸುಗೆ ಹಾಕಿ ಕೈಯಲ್ಲಿ ಬಣ್ಣ ಬಳಿಯುತ್ತಿದ್ದರು. ಉಳಿದವು ಲಿಥೋ, ಅಂದರೆ ಕಲ್ಲಚ್ಚಿನ, ಮುದ್ರಣದವು. ನನಗೆ ಹೆಚ್ಚು ಪ್ರೀತಿ ಈ ಎರಡನೆಯ ಬಗೆಯ ಮೇಲೆ.

ಲಿಥೋ ಬೋಗಿಯಲ್ಲಿ ಚಿತ್ರ ಮೊದಲು, ಬೋಗಿ ಆಮೇಲೆ. ಚಪ್ಪಟೆ ತಗಡಿನ ಮೇಲೆ ಬಾಗಿಲು, ಹಿಡಿಕೆ, ರಿವೆಟ್ಟು, ಕಿಟಕಿ, ಕಿಟಕಿಯಾಚೆ ಕೂತ ಪ್ರಯಾಣಿಕರ ಮುಖ ಎಲ್ಲವನ್ನೂ ಮುದ್ರಿಸಿ, ನಂತರ ಕತ್ತರಿಸಿ, ಮಡಚಿ, ಅಂಚಿನ ಸಣ್ಣ ನಾಲಿಗೆಗಳನ್ನು ಎದುರಿನ ಸೀಳುಗಳಲ್ಲಿ ತೂರಿಸಿ ಬಗ್ಗಿಸಿಬಿಟ್ಟರೆ ಬೋಗಿ ತಯಾರು. ಕಲ್ಲಿನ ಅಚ್ಚಿನಿಂದ ನೇರವಾಗಿ ಲೋಹಕ್ಕೆ ಮುದ್ರಿಸುವುದು ಕಷ್ಟ, ಎರಡೂ ಗಟ್ಟಿ. ನಡುವೆ ಒಂದು ಉರುಳೆ ಇಟ್ಟು ಚಿತ್ರವನ್ನು ಅದರ ಮೂಲಕ ತಗಡಿಗೆ ದಾಟಿಸುವ ಉಪಾಯಕ್ಕೆ ಇಂಗ್ಲೆಂಡಿನ ರಾಬರ್ಟ್ ಬಾರ್ಕ್ಲೇ 1875ರಲ್ಲಿ ಪೇಟೆಂಟ್ ಪಡೆದರು. ನಾವು ಓದುವ ಪುಸ್ತಕ, ಪತ್ರಿಕೆಗಳ ಆಫ್‌ಸೆಟ್ ಮುದ್ರಣ ಇದೇ ತತ್ವದ್ದು. ಅದು ಕಾಗದಕ್ಕೆ ಬಂದದ್ದು 20ನೇ ಶತಮಾನದಲ್ಲಿ, ತಗಡು ಅದನ್ನು ಅಷ್ಟು ಮೊದಲೇ ಕಂಡಿತ್ತು.

ಅಂಥ ಒಂದು ಬೋಗಿಯನ್ನು ಭೂತಗನ್ನಡಿಯಡಿ ಹಿಡಿದು ನೋಡಬೇಕು. ಸಾಸಿವೆಗಿಂತ ಸಣ್ಣ ರಿವೆಟ್ಟಿಗೂ ಒಂದು ಮಗ್ಗುಲಲ್ಲಿ ಬಿಳಿ ಚುಕ್ಕೆ, ಇನ್ನೊಂದು ಮಗ್ಗುಲಲ್ಲಿ ಕಪ್ಪು ಗೆರೆ. ಬೆಳಕು ಒಂದೇ ಕಡೆಯಿಂದ ಬೀಳುತ್ತಿದೆ, ರಿವೆಟ್ಟು ಉಬ್ಬಿದೆ ಅನ್ನಿಸಲಿ ಅಂತ ಯಾರೋ ಕೂತು ಬರೆದದ್ದು. ಹೊನ್ನಿನ ಬಣ್ಣದ ಗೆರೆ ಕಪ್ಪು ಅಂಚಿನಿಂದ ಕೂದಲೆಳೆಯಷ್ಟು ಸರಿದಿರುತ್ತದೆ. ಒಂದೊಂದು ಬಣ್ಣಕ್ಕೂ ಹಾಳೆ ಒಂದೊಂದು ಸಲ ಯಂತ್ರ ದಾಟಬೇಕಿತ್ತು, ಒಂದು ಸಲ ತುಸು ಓರೆಯಾಗಿ ದಾಟಿದೆ. ಮಡಿಕೆ ಬಿದ್ದ ಮೂಲೆಯಲ್ಲಿ ಮೆರುಗಿನ ಪದರ ಸಣ್ಣಗೆ ಬಿರುಕು ಬಿಟ್ಟಿರುತ್ತದೆ. ನೂರು ವರ್ಷದ ಹಿಂದಿನ ಕಾರ್ಖಾನೆಯ ಒಂದು ದಿನದ ಕೆಲಸವನ್ನು ಇಷ್ಟು ಹತ್ತಿರದಿಂದ ನೋಡಲು ಸಿಗುವ ವಸ್ತುಗಳು ಬಹಳ ಇಲ್ಲ.

ಈಗ ನನ್ನ ವಾದಕ್ಕೆ ಬರುತ್ತೇನೆ. ಈ ರೈಲುಗಳ ಚರಿತ್ರೆ ಯಾವ ಒಬ್ಬರ ತಲೆಯಲ್ಲೂ ಪೂರ್ತಿ ಇಲ್ಲ, ಇರುವುದಕ್ಕೆ ಸಾಧ್ಯವೂ ಇಲ್ಲ. ಜರ್ಮನಿಯ ಗ್ಯೋಪಿಂಗೆನ್‌ನಲ್ಲಿ 1859ರಲ್ಲಿ ಗೊಂಬೆಮನೆಯ ಸಾಮಾನು ಮಾಡುತ್ತಾ ಶುರುವಾದ ಮ್ಯಾರ್ಕ್ಲಿನ್ ಕಂಪನಿ 1891ರ ಲೈಪ್‌ಜಿಗ್ ಮೇಳದಲ್ಲಿ ಎಂಟರ ಆಕಾರದ ಹಳಿಯ ಮೇಲೆ ಕೀ ಕೊಟ್ಟು ಓಡಿಸುವ ರೈಲನ್ನು ತೋರಿಸಿತು. ಅದರೊಂದಿಗೆ ಹಳಿಯ ಅಗಲಕ್ಕೆ ಗೊತ್ತಾದ ಅಳತೆಗಳೂ ಬಂದವು. ಇಂದಿಗೂ ಬಳಕೆಯಲ್ಲಿರುವ ಒಂದನೇ ಗೇಜ್ 45 ಮಿ.ಮೀ., ಸೊನ್ನೆ ಗೇಜ್ 32 ಮಿ.ಮೀ. ಅಳತೆ ಗೊತ್ತಾದ ಮೇಲೆ ಈ ವರ್ಷ ಎಂಜಿನ್, ಮುಂದಿನ ವರ್ಷ ಎರಡು ಬೋಗಿ, ಆಮೇಲೆ ಒಂದು ಸ್ಟೇಷನ್ ಅಂತ ಸೇರಿಸುತ್ತಾ ಹೋಗಬಹುದು. ಕೂಡಿಡುವ ಆಸೆ ಈ ಆಟಿಕೆಯ ಹುಟ್ಟಿನಲ್ಲೇ ಇದೆ ಅನ್ನುವುದು ನನ್ನ ನಂಬಿಕೆ.

ಮುಂದಿನ ಕಥೆ ಗೋಜಲು. ನ್ಯೂರೆಂಬರ್ಗ್‌ನ ಬಿಂಗ್ ಒಂದು ಕಾಲಕ್ಕೆ ಜಗತ್ತಿನ ಅತಿ ದೊಡ್ಡ ಆಟಿಕೆ ಕಂಪನಿಗಳಲ್ಲಿ ಒಂದು. ಇಂಗ್ಲೆಂಡಿನ ನಾರ್ತಾಂಪ್ಟನ್‌ನ ಬ್ಯಾಸೆಟ್-ಲೋಕ್ ತನ್ನ ಹೆಸರಿನಲ್ಲಿ ಮಾರಿದ ಎಷ್ಟೋ ಬ್ರಿಟಿಷ್ ಎಂಜಿನ್‌ಗಳು ತಯಾರಾದದ್ದು ಈ ನ್ಯೂರೆಂಬರ್ಗ್‌ನಲ್ಲೇ. ಅದೇ ಊರಿನಲ್ಲಿ ಜಾರ್ಜ್ ಕಾರೆಟ್ ಎಂಬ ಫ್ರೆಂಚರ ಕಾರ್ಖಾನೆಯೂ ಇತ್ತು. ಮೊದಲ ಮಹಾಯುದ್ಧದ ನಡುವೆ, 1917ರಲ್ಲಿ, ಅದು ಮುಚ್ಚಿತು, ಅದರ ಅಚ್ಚುಗಳು ಬೇರೆಯವರ ಪಾಲಾದವು. 1930ರ ದಶಕದ ಆರಂಭದಲ್ಲಿ ಬಿಂಗ್ ಕೂಡ ಮುಳುಗಿತು, ಅದರ ರೈಲಿನ ಕೆಲಸ ಕಾರ್ಲ್ ಬುಬ್ ಕಂಪನಿಯ ಕೈಗೆ ಹೋಯಿತು. ಅಮೆರಿಕದಲ್ಲಿ ಐವ್ಸ್ 1928ರಲ್ಲಿ ದಿವಾಳಿಯಾದಾಗ ಎದುರಾಳಿಗಳಾದ ಲಯನೆಲ್ ಮತ್ತು ಅಮೆರಿಕನ್ ಫ್ಲೈಯರ್ ಸೇರಿ ಅದನ್ನು ಕೊಂಡವು. ಕಂಪನಿ ಸತ್ತರೂ ಅಚ್ಚು ಸಾಯಲಿಲ್ಲ. ಹಾಗಾಗಿ ಒಂದೇ ಅಚ್ಚಿನ ಬೋಗಿ ಎರಡು ಮೂರು ಹೆಸರುಗಳಲ್ಲಿ, ಬೇರೆ ಬೇರೆ ಬಣ್ಣಗಳಲ್ಲಿ, ಬೇರೆ ಬೇರೆ ದಶಕಗಳಲ್ಲಿ ಸಿಗುತ್ತದೆ.

ಇದನ್ನೆಲ್ಲ ಬಿಡಿಸಲು ಕ್ಯಾಟಲಾಗುಗಳು ಸಹಾಯ ಮಾಡುತ್ತವೆ, ಆದರೆ ಸಾಲುವುದಿಲ್ಲ. ಕ್ಯಾಟಲಾಗಿನ ಚಿತ್ರ ಪಕ್ಕದಿಂದ ಬಿಡಿಸಿದ್ದು, ತಳ ಹೇಗಿತ್ತು ಅಂತ ಅದು ಹೇಳುವುದಿಲ್ಲ. ತಳದಲ್ಲೇ ಇರುವುದು ಗುಟ್ಟು.

ಒಮ್ಮೆ ನಾನು ಯಾವ ಗುರುತೂ ಇಲ್ಲದ ಕಪ್ಪು ಟೆಂಡರ್ ಒಂದರ ಫೋಟೋ ಹಾಕಿದ್ದೆ, ಅಂದರೆ ಎಂಜಿನ್ನಿನ ಹಿಂದೆ ಕಲ್ಲಿದ್ದಲು, ನೀರು ಹೊರುವ ಗಾಡಿ, ಎಂಜಿನ್ ಇಲ್ಲದೆ ಒಂಟಿಯಾಗಿದ್ದದ್ದು. ಪಕ್ಕದಿಂದ ತೆಗೆದ ಫೋಟೋಗೆ "ಚೆನ್ನಾಗಿದೆ" ಎನ್ನುವುದು ಬಿಟ್ಟು ಯಾರೂ ಏನೂ ಹೇಳಲಿಲ್ಲ. ಮಗುಚಿಟ್ಟು ತಳದ ಫೋಟೋ ಹಾಕಿದೆ. ಸ್ವಲ್ಪ ಹೊತ್ತಿನಲ್ಲೇ ಹಿರಿಯರೊಬ್ಬರು ತಮ್ಮಲ್ಲಿದ್ದ ಗುರುತಿರುವ ಬೋಗಿಯ ತಳವನ್ನು ತೋರಿಸಿದರು. ಕೊಂಡಿಯ ಬಾಗು ಅದೇ, ಸೀಳುಗಳ ನಡುವಿನ ಅಂತರ ಅದೇ, ನಾಲಿಗೆಗಳನ್ನು ಬಗ್ಗಿಸಿದ ದಿಕ್ಕೂ ಅದೇ. "ನೋಡಪ್ಪಾ, ಇದು ಒಂದೇ ಅಚ್ಚಿನದು" ಅಂದರು. ಆ ಟೆಂಡರ್‌ಗೆ ಅವತ್ತು ಮನೆತನ ಸಿಕ್ಕಿತು. ಇಬ್ಬರಲ್ಲಿ ಒಬ್ಬರು ಬಚ್ಚಿಟ್ಟುಕೊಂಡಿದ್ದರೂ ಅದು ಅನಾಥವಾಗಿಯೇ ಉಳಿಯುತ್ತಿತ್ತು.

ಗುರುತುಗಳನ್ನು ಓದುವುದೂ ಹೀಗೇ, ಹಂಚಿಕೊಂಡೇ ಕಲಿತ ವಿದ್ಯೆ. ಬಿಂಗ್‌ನ ಹಳೆಯ ಗುರುತು ಜಿ.ಬಿ.ಎನ್., ಮೊದಲ ಯುದ್ಧದ ನಂತರದ್ದು ಬಿ.ಡಬ್ಲ್ಯು. ಡಿ.ಆರ್.ಜಿ.ಎಂ. ಅಂತ ಇದ್ದರೆ ಜರ್ಮನಿಯಲ್ಲಿ ನೋಂದಾಯಿಸಿದ ವಿನ್ಯಾಸ, 1891ಕ್ಕಿಂತ ಹಳೆಯದಲ್ಲ. "ಯು.ಎಸ್. ಜೋನ್ ಜರ್ಮನಿ" ಅಂತ ಒತ್ತಿದ್ದರೆ ಎರಡನೇ ಮಹಾಯುದ್ಧ ಮುಗಿದ ಮೇಲಿನ ಕೆಲವೇ ವರ್ಷಗಳದ್ದು. "ಮೇಡ್ ಇನ್ ಆಕ್ಯುಪೈಡ್ ಜಪಾನ್" ಅಂತಿದ್ದರೆ 1952ಕ್ಕೆ ಆಚೆಯದ್ದಲ್ಲ. ಸೋತ ದೇಶಗಳ ಕಾರ್ಖಾನೆಗಳು ಮತ್ತೆ ಉಸಿರಾಡಲು ಶುರುಮಾಡಿದ್ದು ಆಟಿಕೆಗಳಿಂದ ಕೂಡ ಅನ್ನುವುದನ್ನು ಆ ಬೆರಳಗಲದ ಒಕ್ಕಣೆ ಹೇಳುತ್ತದೆ. ನನಗಂತೂ ಅದನ್ನು ಕಂಡಾಗಲೆಲ್ಲ ಮನಸ್ಸು ತುಂಬಿಬರುತ್ತದೆ.

ನಕಲಿಯ ಭಯದ ಬಗ್ಗೆ ಹೇಳುವುದಾದರೆ, ನಕಲಿ ಮಾಡುವವರ ಕೈಯಲ್ಲಿ ಅಸಲಿ ರೈಲು ಹೇಗೂ ಇರುತ್ತದೆ, ಹಣ ಕೊಟ್ಟರೆ ಸಿಗುತ್ತದೆ. ಇಲ್ಲದಿರುವುದು ಕೊಳ್ಳುವವರ ಕೈಯಲ್ಲಿ. ಅಸಲಿಯ ಹತ್ತಿರದ ಫೋಟೋಗಳು ಹೆಚ್ಚಿದಷ್ಟೂ ಹೊಸಬರ ಕಣ್ಣು ಪಳಗುತ್ತದೆ. ಹಳೆಯ ಲಿಥೋದಲ್ಲಿ ಕೆಂಪು ಅಂದರೆ ಕೆಂಪು ಶಾಯಿಯೇ, ತುಂಬು ಬಣ್ಣ. ನೆರಳಿಗೆ ಇಟ್ಟ ಚುಕ್ಕೆಗಳೂ ಕೈಯ ಅಂದಾಜಿನವು, ಒಂದರ ಹಾಗೆ ಒಂದಿರುವುದಿಲ್ಲ. ಫೋಟೋ ತೆಗೆದು ಮರುಮುದ್ರಿಸಿದ ನಕಲಿಯಲ್ಲಿ ಅದೇ ಕೆಂಪು ನಾಲ್ಕು ಬಣ್ಣಗಳ ಕ್ರಮಬದ್ಧ ಚುಕ್ಕೆಗಳಾಗಿ ಒಡೆದುಕೊಳ್ಳುತ್ತದೆ, ಸಾಧಾರಣ ಭೂತಗನ್ನಡಿ ಸಾಕು ಕಾಣಲು. ಇಂಥದ್ದನ್ನು ಗೊತ್ತಿದ್ದವರು ಹೇಳದೆ ಇದ್ದರೆ ಮೋಸಗಾರರಿಗೇ ಅನುಕೂಲ. ಹೊಸದಾಗಿ ಮಾಡಿದ ಬಿಡಿಭಾಗ ಹಾಕಿಸಿದ್ದರೆ ಅದನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕು. ಬಿಡಿಭಾಗ ಹಾಕಿಸುವುದು ತಪ್ಪಲ್ಲ, ಹೇಳದಿರುವುದು ತಪ್ಪು.

ಬಣ್ಣ ಬಳಿಯುವ ವಿಚಾರದಲ್ಲಿ ಮಾತ್ರ ನಾನು ಕಟುವಾಗಿಯೇ ಇರುತ್ತೇನೆ. ದಯವಿಟ್ಟು ಬಳಿಯಬೇಡಿ. ಲಿಥೋದ ಮೇಲೆ ಬಿದ್ದ ಗೀರನ್ನು ಯಾರೂ ವಾಪಸ್ ತರಲಾರರು, ಕುಂಚದಿಂದ ಮುಚ್ಚಿದರೆ ಗೀರಿನ ಜೊತೆ ಸುತ್ತಲಿನ ಅಸಲಿಯೂ ಹೋಯಿತು. ನೀರು, ಸೋಪು, ಪಾಲಿಶ್ ಕೂಡ ಬೇಡ. ಒಣ ಮೆತ್ತನೆಯ ಬಟ್ಟೆಯಿಂದ ಧೂಳು ತೆಗೆಯಿರಿ, ಅಷ್ಟೇ. ಬಿಚ್ಚುವುದಕ್ಕೂ ಅವಸರ ಬೇಡ. ಬಗ್ಗಿಸಿದ ನಾಲಿಗೆಯನ್ನು ಒಮ್ಮೆ ನೆಟ್ಟಗೆ ಮಾಡಿ ಮತ್ತೆ ಬಗ್ಗಿಸುವಷ್ಟರಲ್ಲಿ ಅದರ ಆಯುಷ್ಯ ಅರ್ಧ ಮುಗಿದಿರುತ್ತದೆ, ಇನ್ನೊಮ್ಮೆ ಮಾಡಿದರೆ ಮುರಿದು ಕೈಗೆ ಬರುತ್ತದೆ. ಈ ವಿಷಯದಲ್ಲಿ ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿಯ ಮೊದಲ ರೈಲುಗಳು ಪುಣ್ಯ ಮಾಡಿದ್ದವು. ಮೆಕಾನೊ ಎಂಬ ಬಿಡಿಭಾಗ ಜೋಡಿಸುವ ಆಟಿಕೆ ಮಾಡಿದ ಆ ಮನುಷ್ಯ 1920ರಲ್ಲಿ ತಂದ ಕೀ ಕೊಡುವ ರೈಲುಗಳು ನಟ್ಟು ಬೋಲ್ಟಿನವು, ಮಕ್ಕಳೇ ಬಿಚ್ಚಿ ಜೋಡಿಸಬಹುದಾಗಿತ್ತು. ಆ ಉದಾರತೆ ಮುಂದಿನ ವರ್ಷಗಳಲ್ಲಿ ಉಳಿಯಲಿಲ್ಲ.

ಹಾಗಂತ ಗಾಜಿನ ಕಪಾಟಿನಲ್ಲಿ ಕೂರಿಸಿಬಿಡಿ ಅನ್ನುತ್ತಿಲ್ಲ. ಓಡುವ ಸ್ಥಿತಿಯಲ್ಲಿದ್ದರೆ ಓಡಿಸಿ, ಅದರ ವಿಡಿಯೋ ಹಾಕಿ. ಕೀ ತಿರುಗಿಸುವಾಗಿನ ಕಟಕಟ, ಬಿಟ್ಟ ತಕ್ಷಣ ಹಲ್ಲುಚಕ್ರಗಳ ಗಿರ್ರನೆ ಸದ್ದು, ಹಳಿಯ ಕೂಡುಗಳನ್ನು ದಾಟುವಾಗ ಟಿಣ್ ಟಿಣ್ ಅನ್ನುವ ತೆಳು ಲೋಹದ ನಾದ, ಸ್ಪ್ರಿಂಗ್ ಸಡಿಲವಾಗುತ್ತಾ ಬಂದಂತೆ ಇಳಿಯುವ ಸ್ವರ. ಇದೆಲ್ಲ ಕಪಾಟಿನ ರೈಲಿಗೆ ಇಲ್ಲ. ಹಳೆಯ ಎಣ್ಣೆ ಅಂಟಾಗಿ ಗಟ್ಟಿಯಾಗಿದ್ದರೆ ಒತ್ತಾಯ ಮಾಡಬೇಡಿ, ಮೊದಲು ಶುಚಿಮಾಡಿ, ಚಕ್ರದ ಅಚ್ಚುಗಳಿಗೆ ತೆಳುವಾದ ಎಣ್ಣೆಯ ಒಂದೊಂದು ಹನಿ ಬಿಡಿ. ಓಡಿಸಿ ಮುಗಿದ ಮೇಲೆ ಸ್ಪ್ರಿಂಗ್ ಪೂರ್ತಿ ಬಿಚ್ಚಿಕೊಳ್ಳಲು ಬಿಟ್ಟು ಎತ್ತಿಡಿ. ಆರಂಭಕಾಲದ ವಿದ್ಯುತ್ ರೈಲುಗಳನ್ನು ಮಾತ್ರ ಹಾಗೇ ಪ್ಲಗ್ಗಿಗೆ ಸಿಕ್ಕಿಸಲೇಬೇಡಿ. ಅವುಗಳಲ್ಲಿ ಕೆಲವು ಮನೆಯ ವಿದ್ಯುತ್ತಿನಲ್ಲೇ, ನಡುವೆ ಒಂದು ಬಲ್ಬನ್ನು ತಡೆಯಾಗಿ ಇಟ್ಟು ಓಡುತ್ತಿದ್ದವು, ಹಳಿ ಮುಟ್ಟಿದರೆ ಪ್ರಾಣಕ್ಕೇ ಅಪಾಯ. ಹಳೆಯ ಬಣ್ಣಗಳಲ್ಲಿ ಸೀಸ ಇರುತ್ತದೆ. ಮಕ್ಕಳಿಗೆ ಕೀ ಕೊಡಲು ಬಿಡಿ, ಪಕ್ಕದಲ್ಲಿ ನೀವಿರಿ, ಆಟ ಮುಗಿದ ಮೇಲೆ ಕೈ ತೊಳೆಸಿ. ಬಾಯಿಗೆ ಹಾಕುವ ವಯಸ್ಸಿನ ಮಕ್ಕಳಿಗೆ ಮಾತ್ರ ಬೇಡ.

ವಾಸಿಮಾಡಲಾಗದ ಒಂದು ರೋಗವೂ ಇದೆ. 1920, 30ರ ದಶಕಗಳ ಎಷ್ಟೋ ರೈಲುಗಳ ಚಕ್ರಗಳು ಸತುವಿನ ಮಿಶ್ರಲೋಹದವು. ಎರಕ ಹೊಯ್ಯುವಾಗ ಸೀಸ ಸ್ವಲ್ಪ ಬೆರೆತಿದ್ದರೂ ದಶಕಗಳು ಕಳೆದಂತೆ ಲೋಹ ಒಳಗಿಂದೊಳಗೇ ಉಬ್ಬುತ್ತದೆ. ಮೊದಲು ಬಣ್ಣದಡಿ ಎಳೆಯಂಥ ಬಿರುಕು, ಆಮೇಲೆ ಚಕ್ರ ತಿರುಚಿಕೊಳ್ಳುತ್ತದೆ, ಕೊನೆಗೆ ಒಣ ಮಣ್ಣಿನ ಹೆಂಟೆಯಂತೆ ಪುಡಿಯಾಗುತ್ತದೆ. ಒಂದರಿಂದ ಇನ್ನೊಂದಕ್ಕೆ ಅಂಟುತ್ತದೆ ಅಂತ ಹೆದರುವವರಿದ್ದಾರೆ, ಹಾಗೇನಿಲ್ಲ, ದೋಷ ಆ ಎರಕದೊಳಗೇ ಇರುವಂಥದ್ದು. ಆದರೆ ತೇವ ಅದನ್ನು ಬೇಗ ಕೆಡಿಸುತ್ತದೆ. ಪುಡಿಯಾಗುವ ಮೊದಲು ಅಳತೆ ತೆಗೆದು, ಎಲ್ಲ ಮಗ್ಗುಲಿನಿಂದ ಫೋಟೋ ತೆಗೆದಿಟ್ಟರೆ ಅದಾದರೂ ಉಳಿದೀತು. ಬಚ್ಚಿಡುವವರ ಜೊತೆ ನನಗೆ ನಿಜವಾದ ಜಗಳ ಇರುವುದು ಇಲ್ಲಿ. ಬೀಗ ಹಾಕಿದ ಬೀರುವಿನಲ್ಲಿ ಸತು ತನ್ನ ಪಾಡಿಗೆ ಒಡೆಯುತ್ತಿರುತ್ತದೆ.

ದೊಡ್ಡ ಹೆಸರಿನ ರೈಲುಗಳಿಗೆ ಹೇಗೂ ಕಾಯುವವರಿದ್ದಾರೆ. ಅಮೆರಿಕದ ಟ್ರೇನ್ ಕಲೆಕ್ಟರ್ಸ್ ಅಸೋಸಿಯೇಷನ್ 1954ರಿಂದ, ಬ್ರಿಟನ್ನಿನ ಹಾರ್ನ್‌ಬಿ ಸಂಗ್ರಾಹಕರ ಸಂಘ 1969ರಿಂದ ಇವೆ. ಗ್ಯೋಪಿಂಗೆನ್‌ನಲ್ಲಿ ಮ್ಯಾರ್ಕ್ಲಿನ್‌ಗೆ ಮ್ಯೂಸಿಯಮ್ಮೇ ಇದೆ. ನನ್ನ ಚಿಂತೆ ಅಗ್ಗದವುಗಳದ್ದು: ಲೂಯಿ ಮಾರ್ಕ್ಸ್ ಕಂಪನಿ ರಾಶಿ ರಾಶಿ ಮಾರಿದ ಪುಟ್ಟ ರೈಲುಗಳು, ಜಪಾನಿನ ನೆಲದ ಮೇಲೆ ಓಡುವ ಎಂಜಿನ್‌ಗಳು, ಹೆಸರೇ ಇಲ್ಲದವು. ಮಕ್ಕಳು ಹೆಚ್ಚು ಆಡಿದ್ದು ಇವುಗಳ ಜೊತೆಗೇ, ಮುರಿದು ಹೋದದ್ದೂ ಇವೇ ಹೆಚ್ಚು. ಬೆಲೆಯಿಲ್ಲ ಅಂತ ಯಾರೂ ಬರೆದಿಡುವುದಿಲ್ಲ. ಕಳ್ಳರ ಭಯ ಇರುವವರ ಮಾತನ್ನು ಮಾತ್ರ ನಾನು ಗೌರವಿಸುತ್ತೇನೆ, 2005ರ ಜನವರಿಯಲ್ಲಿ ಆ ಮ್ಯಾರ್ಕ್ಲಿನ್ ಮ್ಯೂಸಿಯಮ್ಮಿಗೇ ಕನ್ನ ಬಿದ್ದಿತ್ತು. ರೈಲನ್ನು ತೋರಿಸಿ, ಮನೆಯನ್ನು ತೋರಿಸಬೇಡಿ. ಹಿನ್ನೆಲೆಗೆ ಒಂದು ಬಿಳಿ ಹಾಳೆ ಇಟ್ಟರೆ ಆಯಿತು.

ನಿಮ್ಮಲ್ಲಿ ಇಂಥದ್ದೊಂದು ಇದ್ದರೆ ನಾಲ್ಕು ಫೋಟೋ ತೆಗೆಯಿರಿ. ಎರಡೂ ಪಕ್ಕ, ಕೀ ಹಾಕುವ ತೂತು ಕಾಣುವ ಹಾಗೆ. ಮಗುಚಿಟ್ಟು ತಳ, ಪಕ್ಕದಲ್ಲಿ ಒಂದು ಅಳತೆಪಟ್ಟಿ. ಕೊಂಡಿ, ಹತ್ತಿರದಿಂದ. ರಟ್ಟಿನ ಡಬ್ಬ ಉಳಿದಿದ್ದರೆ ಅದರ ಮೇಲಿನ ಚೀಟಿಯನ್ನೂ ಸೇರಿಸಿ. ಚಕ್ರ ಇಲ್ಲದಿದ್ದರೂ, ಕೀ ಕಳೆದಿದ್ದರೂ, ತುಕ್ಕು ಹಿಡಿದಿದ್ದರೂ ಪರವಾಗಿಲ್ಲ, ಕೆಳಗೆ ಹಾಕಿ. ನನಗೆ ಗೊತ್ತಿದ್ದರೆ ಹೇಳುತ್ತೇನೆ, ಗೊತ್ತಿಲ್ಲದಿದ್ದರೆ ಗೊತ್ತಿರುವವರನ್ನು ಕರೆಯುತ್ತೇನೆ.