ಸ್ಪಷ್ಟನೆ: ಎಕ್ಸ್‌ಎಂಎಲ್ ಟ್ಯಾಗ್‌ಗಳು ಕನ್ನಡದಲ್ಲೂ ಇರಬಹುದು

ಮಾಹಿತಿಯನ್ನು ಹೆಸರಿಟ್ಟ ಗುರುತುಗಳ (ಟ್ಯಾಗ್) ನಡುವೆ ಬರೆದಿಡುವ ಕ್ರಮವೇ ಎಕ್ಸ್‌ಎಂಎಲ್. ‘ಎಕ್ಸ್‌ಎಂಎಲ್ ಕಡತದಲ್ಲಿ ಟ್ಯಾಗ್‌ಗಳ ಹೆಸರು ಇಂಗ್ಲಿಷಿನಲ್ಲೇ ಇರಬೇಕು, ಕನ್ನಡ ಬಳಸಿದರೆ ಕಡತ ಕೆಡುತ್ತದೆ’ ಎಂಬ ಮಾತು ತಂತ್ರಾಂಶ ಕಲಿಯುವವರ ನಡುವೆ ಹರಿದಾಡುತ್ತಿದೆ. ಇದು ತಪ್ಪು.

1998ರ ಫೆಬ್ರವರಿಯಲ್ಲಿ ವೆಬ್ ಮಾನದಂಡಗಳನ್ನು ರೂಪಿಸುವ ಸಂಸ್ಥೆಯಾದ ಡಬ್ಲ್ಯು3ಸಿ ಪ್ರಕಟಿಸಿದ ಎಕ್ಸ್‌ಎಂಎಲ್ ನಿಯಮಗಳ ಮೊದಲ ಆವೃತ್ತಿಯೇ ಟ್ಯಾಗ್ ಹೆಸರುಗಳಲ್ಲಿ ಕನ್ನಡ ಅಕ್ಷರ, ಸ್ವರಚಿಹ್ನೆಗಳಿಗೆ ಅವಕಾಶ ಕೊಟ್ಟಿತ್ತು. <ಊರು>ಶಿರಸಿ</ಊರು> ಎಂದು ಬರೆದರೆ ಅದು ನಿಯಮಬದ್ಧ ಎಕ್ಸ್‌ಎಂಎಲ್. ಹೆಸರಿನ ನಡುವೆ ಖಾಲಿ ಜಾಗ ಇರಬಾರದು.

ಒಂದು ತೊಡಕು ಮಾತ್ರ ನಿಜವಾಗಿಯೂ ಇತ್ತು. ‘ರಾಜ್‌ಕುಮಾರ್’ ಎಂಬಲ್ಲಿ ಒತ್ತಕ್ಷರವಾಗದಂತೆ ತಡೆಯುವ, ಕಣ್ಣಿಗೆ ಕಾಣದ ಒಂದು ಸಂಕೇತವಿದೆ. ಟ್ಯಾಗಿನ ಹೆಸರಿನಲ್ಲಿ ಅದನ್ನು ಹಳೆಯ ನಿಯಮ ಒಪ್ಪುತ್ತಿರಲಿಲ್ಲ. 2008ರ ಐದನೆಯ ಆವೃತ್ತಿ ಒಪ್ಪಿತು. ಹಳೆಯ ನಿಯಮವನ್ನೇ ಪಾಲಿಸುವ ತಂತ್ರಾಂಶ ಇಂದಿಗೂ ಅಲ್ಲಿ ದೋಷ ತೋರಿಸಬಹುದು. ಟ್ಯಾಗುಗಳ ನಡುವಿನ ಪಠ್ಯಕ್ಕೆ ಈ ತೊಂದರೆ ಎಂದೂ ಇರಲಿಲ್ಲ.

ಹಾಗಾದರೆ ಕಡತ ಕೆಡುವುದೇಕೆ? ಹೆಚ್ಚಾಗಿ, ಯೂನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಪದ್ಧತಿ) ಅಲ್ಲದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪಠ್ಯವನ್ನು ಹಾಗೆಯೇ ಅಂಟಿಸುವುದರಿಂದ. ಅಲ್ಲಿ ಕನ್ನಡ ಕಾಣುವುದು ಪರದೆಯ ಮೇಲೆ ಮಾತ್ರ, ಒಳಗೆ ಇರುವುದು ಬೇರೆ ಸಂಕೇತಗಳು. ಕಡತವನ್ನು ಯುಟಿಎಫ್-8ರಲ್ಲಿ (ಯೂನಿಕೋಡ್ ಅಕ್ಷರಗಳನ್ನು ಕಡತದಲ್ಲಿ ಉಳಿಸುವ ಒಂದು ರೀತಿ) ಉಳಿಸದೆ ಮೊದಲ ಸಾಲಿನಲ್ಲಿ ಯುಟಿಎಫ್-8 ಎಂದು ಘೋಷಿಸಿದರೂ ಇದೇ ಗತಿ.

ಗೊಂದಲದ ಮೂಲ ವೆಬ್ ಪುಟಗಳನ್ನು ಬರೆಯುವ ಎಚ್‌ಟಿಎಂಎಲ್ ಇರಬೇಕೆಂದು ನನ್ನ ಊಹೆ. ಅದರ ಟ್ಯಾಗ್‌ಗಳು ಮೊದಲೇ ನಿಗದಿಯಾದವು. ಎಕ್ಸ್‌ಎಂಎಲ್‌ನಲ್ಲಿ ಹೆಸರಿಡುವವರು ನಾವೇ. ಗ್ರಂಥಾಲಯದ ಪಟ್ಟಿಗೆ <ಪುಸ್ತಕ>, <ಲೇಖಕ> ಎಂದು ಧೈರ್ಯವಾಗಿ ಬರೆಯಿರಿ.