‘ಆ್ಯಂಡ್’ ಬಂದಲ್ಲೆಲ್ಲ ಅಲ್ಪವಿರಾಮ ಬೇಕಿಲ್ಲ: ಸ್ಪಷ್ಟನೆ

ಇಂಗ್ಲಿಷ್‌ನಲ್ಲಿ ‘ಆ್ಯಂಡ್’, ‘ಬಟ್’, ‘ಸೋ’ ಎಲ್ಲಿ ಬಂದರೂ ಅದಕ್ಕೆ ಮೊದಲು ಅಲ್ಪವಿರಾಮ ಹಾಕಲೇಬೇಕು ಎಂಬ ಸಂದೇಶ ಕೊಡಗಿನ ಪೋಷಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ಅರ್ಧ ಮಾತ್ರ ಸರಿ. ಹೀಗೇ ಕಲಿತ ಮಕ್ಕಳು ಸರಿಯಿದ್ದ ವಾಕ್ಯವನ್ನೂ ಕೆಡಿಸುತ್ತಾರೆ.

ನೋಡಬೇಕಾದದ್ದು ಆ ಪದವನ್ನಲ್ಲ, ಅದರ ಎರಡು ಬದಿಗಳನ್ನು. ‘ದ ರೇನ್ ಸ್ಟಾಪ್ಡ್, ಬಟ್ ದ ಕಾವೇರಿ ಕೆಪ್ಟ್ ರೈಸಿಂಗ್.’ ಇಲ್ಲಿ ‘ಬಟ್’ ಮೇಲೆ ಬೆರಳಿಟ್ಟು ಮುಚ್ಚಿ ಮಗುವಿನಿಂದ ಓದಿಸಿ. ಎಡಕ್ಕೆ ಮಳೆ ನಿಂತಿತು, ಬಲಕ್ಕೆ ಕಾವೇರಿ ಏರುತ್ತಲೇ ಇತ್ತು. ಎರಡರಲ್ಲೂ ಕರ್ತೃ, ಕ್ರಿಯಾಪದ ಇವೆ. ಎರಡೂ ತಾವಾಗಿಯೇ ನಿಲ್ಲುತ್ತವೆ. ಹಾಗಾಗಿ ಅಲ್ಪವಿರಾಮ ಬೇಕು, ಅದೂ ‘ಬಟ್’ಗಿಂತ ಮೊದಲು, ನಂತರವಲ್ಲ. ‘ಮೈ ಮದರ್ ಪಿಕ್ಡ್ ದ ಕಾಫಿ ಆ್ಯಂಡ್ ಡ್ರೈಡ್ ಇಟ್’ ಎಂಬಲ್ಲಿ ಬಲಬದಿಗೆ ಕರ್ತೃವೇ ಇಲ್ಲ. ಅಲ್ಲಿ ಬೇಡ. ‘ಆ್ಯಂಡ್ ಶಿ ಡ್ರೈಡ್ ಇಟ್’ ಎಂದು ಬರೆದರೆ ಮತ್ತೆ ಬೇಕು.

ಇದಕ್ಕಿಂತ ದೊಡ್ಡ ತಪ್ಪು, ಜೋಡಿಸುವ ಪದವನ್ನೇ ಬಿಟ್ಟು ಬರೀ ಅಲ್ಪವಿರಾಮದಿಂದ ಎರಡು ವಾಕ್ಯಗಳನ್ನು ಅಂಟಿಸುವುದು. ಆ ಚಿಹ್ನೆಗೆ ಒಂಟಿಯಾಗಿ ಅಷ್ಟು ಬಲವಿಲ್ಲ. ಪೂರ್ಣವಿರಾಮ ಹಾಕಿ, ಇಲ್ಲವೇ ಅರ್ಥಕ್ಕೆ ತಕ್ಕ ಪದ ಸೇರಿಸಿ. ಆದರೆ ಹಾಗೆ ಸೇರಿಸುವ ಪದ ‘ಬಿಕಾಸ್’ ಆಗಿದ್ದರೆ ಎರಡು ಬದಿಗಳ ಈ ಪರೀಕ್ಷೆ ಸಲ್ಲದು; ಅದು ವಾಕ್ಯದ ನಡುವೆ ಬಂದಾಗ ಸಾಮಾನ್ಯವಾಗಿ ಅಲ್ಪವಿರಾಮ ಬೇಡ.

ದಯವಿಟ್ಟು ಈ ನಿಯಮವನ್ನು ಮಕ್ಕಳ ಕನ್ನಡ ನೋಟ್‌ಬುಕ್ಕಿಗೆ ಹೊರಿಸಬೇಡಿ. ‘ಅಮ್ಮ ಕಾಫಿ ಕೊಯ್ದು ಒಣಗಿಸಿದಳು’ ಎಂಬಲ್ಲಿ ‘ಕೊಯ್ದು’ ಎಂಬ ರೂಪವೇ ಎರಡು ಕೆಲಸಗಳನ್ನು ಜೋಡಿಸುತ್ತದೆ. ಅಲ್ಲಿ ಅಲ್ಪವಿರಾಮವಷ್ಟೇ ಅಲ್ಲ, ‘ಮತ್ತು’ ಕೂಡ ಬೇಕಿಲ್ಲ.