ಹಲ್ಲಿಗೆ ನೋವು, ಹೊಟ್ಟೆಗೆ ಬರೆ

ಹಲ್ಲು ಕೀಳಿಸಿಕೊಂಡು ಬಂದವರನ್ನು ಮಾತಾಡಿಸಿ ನೋಡಿ. ಹಲ್ಲು ಸಲೀಸಾಗಿ ಬಂದಿರುತ್ತದೆ, ರಕ್ತ ನಿಂತಿರುತ್ತದೆ. ಆದರೂ ಮುಖ ಸಪ್ಪಗೆ. "ಆ್ಯಂಟಿಬಯಾಟಿಕ್ ಬರೆದೇ ಕೊಡ್ಲಿಲ್ಲ ಕಣ್ರೀ!" ಎರಡು ಬಣ್ಣದ ಒಂದು ಕ್ಯಾಪ್ಸೂಲ್ ಕೂಡ ಕೊಡದವರು ಅದೆಂಥ ಡಾಕ್ಟ್ರು, ಅಲ್ವಾ?

ಡಾಕ್ಟ್ರುಗಳೂ ಈ ಮುಖ ನೋಡಿ ನೋಡಿ ಸೋತಿದ್ದಾರೆ. ಸುಮ್ನೆ ಐದು ದಿನಕ್ಕೆ ಬರೆದುಬಿಡುತ್ತಾರೆ. ಯಾವ ಕಾಯಿಲೆಗೆ ಅಂದರೆ, 'ಯಾವುದಕ್ಕೂ ಇರಲಿ' ಎಂಬ ಕಾಯಿಲೆಗೆ.

ಬಾಯಲ್ಲಿ 700ಕ್ಕೂ ಜಾಸ್ತಿ ಬಗೆಯ ಬ್ಯಾಕ್ಟೀರಿಯಾ ಸಿಕ್ಕಿವೆ. 1683ರಲ್ಲಿ ಡಚ್ ವಿಜ್ಞಾನಿ ಲೇವನ್‌ಹುಕ್ ತಮ್ಮ ಹಲ್ಲುಸಂದಿಯ ಬಿಳಿ ಕೊಳೆ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಲ್ಲೊಂದು ಸಂತೆಯೇ ನೆರೆದಿತ್ತು. ಅವರೋ ದಿನಾ ಉಪ್ಪಿನಲ್ಲಿ ಹಲ್ಲುಜ್ಜುತ್ತಿದ್ದ ಮನುಷ್ಯ! ಹಲ್ಲುಜ್ಜುವಾಗಲೂ ಇವುಗಳಲ್ಲಿ ಒಂದಷ್ಟು ರಕ್ತಕ್ಕಿಳಿಯುತ್ತವೆ, ಆರೋಗ್ಯವಂತರ ದೇಹ ಬೇಗನೆ ಗುಡಿಸಿಹಾಕುತ್ತದೆ. ನಮ್ಮ ಲೆಕ್ಕದಲ್ಲಿ ಬ್ರಷ್ಷಿನ ಮೇಲೆ ಪೇಸ್ಟಿನ ಜೊತೆ ಒಂದು ಕ್ಯಾಪ್ಸೂಲನ್ನೂ ಇಡಬೇಕು.

ಇನ್ನು ಹುಳುಕಿನ ನೋವು. ಒಳಗಿನ ತಿರುಳು ಸತ್ತ ಹಲ್ಲಿಗೆ ರಕ್ತದ ಹರಿವೇ ಇರುವುದಿಲ್ಲ. ಕ್ಯಾಪ್ಸೂಲ್ ಬರುವುದು ರಕ್ತದ ದಾರಿಯಲ್ಲಿ. ಬೀದಿಯೇ ಇಲ್ಲದ ಮನೆಗೆ ಪೋಸ್ಟ್‌ಮ್ಯಾನ್ ಹೇಗೆ ಬರಬೇಕು? ಅಲ್ಲಿ ತಿರುಳು ತೆಗೆಯಬೇಕು ಇಲ್ಲವೇ ಹಲ್ಲನ್ನೇ ಕೀಳಬೇಕು. ಕೀವಿದ್ದರೆ ಹೊರಬಿಡಬೇಕು. ಅದಕ್ಕೆ ಡ್ರಿಲ್ಲಿನ ಸದ್ದು ಕೇಳಬೇಕಲ್ಲ! ಹಾಗಾಗಿ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ: ಹಲ್ಲು ಹಾಗೇ ಇರುತ್ತದೆ, ಕರುಳಲ್ಲಿ ತಮ್ಮ ಪಾಡಿಗಿದ್ದ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತವೆ, ಭೇದಿ ಶುರು.

ನಿಜವಾಗಿ ಬೇಕಾದವರಿದ್ದಾರೆ. ಜ್ವರ ಬಂದು ಮುಖದ ಊತ ಹಬ್ಬುತ್ತಿದ್ದರೆ ಬೇಕೇ ಬೇಕು. ಹೃದಯಕ್ಕೆ ಕೃತಕ ಕವಾಟ ಹಾಕಿಸಿಕೊಂಡವರಿಗೆ ಹಲ್ಲು ಕೀಳುವ ಅರ್ಧದಿಂದ ಒಂದು ಗಂಟೆ ಮೊದಲು 2 ಗ್ರಾಂ ಅಮಾಕ್ಸಿಸಿಲಿನ್ ಎಂಬ ಆ್ಯಂಟಿಬಯಾಟಿಕ್ ಕೊಡುತ್ತಾರೆ. ಒಂದೇ ಒಂದು ಸಲ. ಇಷ್ಟರಲ್ಲೇ ಮುಗಿದರೆ ನಮಗೇನು ಮಜಾ?

ನನ್ನ ಐದು ದಿನದ ಕೋರ್ಸು ಮೂರನೇ ದಿನಕ್ಕೇ ನಿಂತಿತ್ತು. ಅರ್ಧಂಬರ್ಧ ನುಂಗಿದರೆ ರೋಗಾಣು ಔಷಧಿಗೇ ಪಳಗುತ್ತದೆ ಎಂದು ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲೇ ಎಚ್ಚರಿಸಿದ್ದರು. ಅವರೇನೋ ಹೇಳಿದರು, ಉಳಿದ ಆರು ಕ್ಯಾಪ್ಸೂಲ್ ಬಿಸಾಕಲು ಮನಸ್ಸು ಬರಬೇಕಲ್ಲ. ಡ್ರಾಯರಿನಲ್ಲಿ, ಸತ್ತ ಬ್ಯಾಟರಿಗಳ ಪಕ್ಕ ಜೋಪಾನವಾಗಿಟ್ಟಿದ್ದೆ.

ನಿನ್ನೆ ತಂಗಿಯ ಮಗಳ ಫೋನು. "ಮಾವ, ಹಲ್ಲು ನೋಯ್ತಿದೆ. ನಿಮ್ಮ ಮಾತ್ರೆ ಏನಾದ್ರೂ ಉಳಿದಿದ್ಯಾ?"

ನಾನೂ ಜವಾಬ್ದಾರಿ ಇರುವ ಮನುಷ್ಯ. ಕೇಳದೆ ಕೊಡುವುದುಂಟೇ?

"ನಂದು ಬಲಗಡೆ ಹಲ್ಲಿಗೆ ಕೊಟ್ಟಿದ್ದಮ್ಮ. ನಿಂದು ಯಾವ ಕಡೆ?"